ನಡೀತಾ ಇರೋ ಜೆಂಕಿನ್ಸ್ ಮುಟ್ಟಬೇಕಾ, ಬಿಡಬೇಕಾ?

ಪ್ರಶ್ನೆ: ಕುಶಾಲನಗರದಲ್ಲಿ ನಮ್ಮದು ಐದು ಜನರ ಸಣ್ಣ ಸಾಫ್ಟ್‌ವೇರ್ ಕಂಪನಿ. ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಿಗೆ, ತೋಟದ ಲೆಕ್ಕಕ್ಕೆ ಬೇಕಾದ ಸಾಫ್ಟ್‌ವೇರ್ ಮಾಡುತ್ತೇವೆ. ಎಲ್ಲವೂ ಜಾವಾ 8ರಲ್ಲಿ ಬರೆದದ್ದು. 2021ರಲ್ಲಿ ನಮ್ಮ ಸೀನಿಯರ್ ಒಬ್ಬರು ಹಳೇ ಡೆಸ್ಕ್‌ಟಾಪ್‌ಗೆ ಉಬುಂಟು 20.04 ಹಾಕಿ ಜೆಂಕಿನ್ಸ್ 2.289.1 ಕೂರಿಸಿದರು. ನಾವು ಬರೆದ ಕೋಡನ್ನು ತಾನೇ ಬಿಲ್ಡ್ ಮಾಡಿ (ಓಡುವ ಸಾಫ್ಟ್‌ವೇರ್ ಆಗಿ ಕಟ್ಟಿ) ಟೆಸ್ಟ್ ಮಾಡುವ ಸಾಫ್ಟ್‌ವೇರ್ ಅದು. ಪಕ್ಕದಲ್ಲಿರುವ ವಿಂಡೋಸ್ ಪಿಸಿ ಏಜೆಂಟ್, ಅಂದರೆ ಜೆಂಕಿನ್ಸ್ ಹೇಳಿದ ಕೆಲಸ ಮಾಡುವ ಮೆಷಿನ್. ಇನ್‌ಸ್ಟಾಲರ್ ಅಲ್ಲೇ ಆಗುತ್ತದೆ, ಅದಕ್ಕೆ ಸೈನ್ ಮಾಡುವ (ಡಿಜಿಟಲ್ ಸಹಿ ಹಾಕುವ) ಯುಎಸ್‌ಬಿ ಟೋಕನ್ ಕೂಡ ಅದಕ್ಕೇ ಚುಚ್ಚಿದೆ. ಆ ಸೀನಿಯರ್ ಈಗ ಬೆಂಗಳೂರಿನಲ್ಲಿದ್ದಾರೆ. ಅವರು ಹೋದ ಮೇಲೆ ಯಾರೂ ಅಪ್‌ಡೇಟ್ ಮಾಡಿಲ್ಲ. ಪುಟ ತೆರೆದರೆ ಮೇಲೆಲ್ಲ ಕೆಂಪು ಎಚ್ಚರಿಕೆ. ಒಮ್ಮೆ ಪ್ಲಗಿನ್‌ಗಳನ್ನು (ಜೆಂಕಿನ್ಸ್‌ಗೆ ಸೇರಿಸುವ ಹೆಚ್ಚುವರಿ ತುಣುಕುಗಳನ್ನು) ಮಾತ್ರ ಅಪ್‌ಡೇಟ್ ಮಾಡಲು ಹೋದೆವು, ಅರ್ಧಕ್ಕರ್ಧ ಲೋಡ್ ಆಗಲಿಲ್ಲ. ಬಾಸ್ "ನಡೀತಾ ಇದೆಯಲ್ಲ, ಮುಟ್ಬೇಡಿ" ಅಂತಾರೆ. ಹೊಸ ಆವೃತ್ತಿಗಳಲ್ಲಿ ಅಂಥದ್ದೇನು ಬಂದಿದೆ? ಅಥವಾ ಇದನ್ನು ಬಿಟ್ಟು, ಇದೇ ಕೆಲಸವನ್ನು ಗಿಟ್‌ಹಬ್‌ನವರ ಮೆಷಿನ್‌ನಲ್ಲಿ ಮಾಡಿಕೊಡುವ ಗಿಟ್‌ಹಬ್ ಆಕ್ಷನ್ಸ್‌ಗೆ ಹೋಗುವುದು ವಾಸಿಯೇ? ಮಳೆಗಾಲದಲ್ಲಿ ಕರೆಂಟ್ ಹೋಗಿ ಬಿಲ್ಡ್ ಅರ್ಧಕ್ಕೆ ನಿಲ್ಲುವ ಗೋಳು ಬೇರೆ. ಗಿಟ್‌ಹಬ್‌ನ ವೆಬ್‌ಹುಕ್ (ಹೊಸ ಕೋಡ್ ಬಂತು ಅನ್ನುವ ಸೂಚನೆ) ಬರಲಿ ಅಂತ ರೂಟರ್‌ನಲ್ಲಿ 8080 ಪೋರ್ಟ್ ತೆರೆದಿಟ್ಟಿದ್ದೇವೆ. ಜೆಂಕಿನ್ಸ್ ಡಬ್ಬ ಮೇಜಿನ ಕೆಳಗೆ ನೆಲದ ಮೇಲಿದೆ.

ಉತ್ತರ: ಮೊದಲು ಎದ್ದು ಹೋಗಿ ರೂಟರ್‌ನಲ್ಲಿ ಆ 8080 ಪೋರ್ಟ್ ಮುಚ್ಚಿ ಬನ್ನಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ಸುಮ್ನೆ ಹೆದರಿಸುತ್ತಿಲ್ಲ. 2024ರ ಜನವರಿ 24ರಂದು ಜೆಂಕಿನ್ಸ್ ತಂಡವೇ ಒಂದು ದೊಡ್ಡ ತೂತಿನ ವಿಷಯ ಹೊರಗೆ ಹಾಕಿತು. ಸಿವಿಇ-2024-23897 ಅಂತ ಅದರ ನಂಬರು. ಜೆಂಕಿನ್ಸ್‌ಗೆ ದೂರದಿಂದ ಕಮಾಂಡ್ ಕೊಡುವ ಒಂದು ಸೌಲಭ್ಯ ಇದೆ. ಕಮಾಂಡ್ ಓದುವ ಲೈಬ್ರರಿಗೆ ಒಂದು ಹಳೇ ಚಾಳಿ ಇತ್ತು. @ ಗುರುತು ಹಾಕಿ ಮುಂದೆ ಒಂದು ಫೈಲಿನ ಹೆಸರು ಕೊಟ್ಟರೆ ಸಾಕು, ಆ ಫೈಲ್ ತೆರೆದು ಒಳಗಿರುವುದನ್ನೆಲ್ಲ ಕಮಾಂಡಿನ ಜಾಗಕ್ಕೆ ಸುರಿಯುತ್ತಿತ್ತು. ಆಮೇಲೆ "ಈ ಕಮಾಂಡ್ ಸರಿಯಿಲ್ಲ" ಅಂತ ಎರರ್ ಕೊಡುವಾಗ ಆ ಸಾಲುಗಳನ್ನೇ ವಾಪಸ್ ಓದಿ ಹೇಳುತ್ತಿತ್ತು. ಲಾಗಿನ್ ಇಲ್ಲದವನಿಗೂ ಫೈಲಿನ ಮೊದಲ ಕೆಲವು ಸಾಲು ಸಿಗುತ್ತಿತ್ತು. ಓದುವ ಅನುಮತಿ ಇದ್ದವನಿಗೆ ಪೂರ್ತಿ ಫೈಲು. ಇದನ್ನು ಸರಿಮಾಡಿದ್ದು 2.442ರಲ್ಲಿ, ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ) ಸಾಲಿನಲ್ಲಿ 2.426.3ರಲ್ಲಿ. ನಿಮ್ಮದು 2.289.1. ಅಂದರೆ ತೂತು ಇದ್ದ ಹಾಗೇ ಇದೆ.

ಅದೇ ವರ್ಷ ಜುಲೈ ಕೊನೆಯಲ್ಲಿ ನಮ್ಮ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳಲ್ಲಿ ಹಣ ಪಾವತಿ ನಿಂತುಹೋಗಿದ್ದು ನೆನಪಿರಬಹುದು. ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಸೇವೆ ಕೊಡುವ ಕಂಪನಿಯೊಂದರ ಮೇಲೆ ರಾನ್ಸಮ್‌ವೇರ್ ದಾಳಿ ಆಗಿತ್ತು. ಅದರ ಜಾಡು ಹಿಡಿದ ಕ್ಲೌಡ್‌ಸೆಕ್ ಎಂಬ ಭದ್ರತಾ ಸಂಸ್ಥೆಯ ವರದಿ ಬೊಟ್ಟು ಮಾಡಿದ್ದು ಸರಿಯಾಗಿ ಕಾಯದೆ ಬಿಟ್ಟಿದ್ದ ಒಂದು ಜೆಂಕಿನ್ಸ್ ಸರ್ವರ್ ಕಡೆಗೆ, ಇದೇ ತೂತಿನ ಕಡೆಗೆ. "ನಮ್ಮಂಥ ಸಣ್ಣವರನ್ನು ಯಾರು ಹುಡುಕಿಕೊಂಡು ಬರ್ತಾರೆ" ಅನ್ನಬೇಡಿ. ಯಾರೂ ಹುಡುಕಿಕೊಂಡು ಬರಬೇಕಾಗಿಲ್ಲ. ಇಡೀ ಇಂಟರ್‌ನೆಟ್ ತಡಕಾಡುವ ಪ್ರೋಗ್ರಾಂಗಳಿಗೆ ಕುಶಾಲನಗರವೂ ಒಂದೇ, ಕ್ಯಾಲಿಫೋರ್ನಿಯಾವೂ ಒಂದೇ.

ಪೋರ್ಟ್ ಮುಚ್ಚಿದರೆ ವೆಬ್‌ಹುಕ್ ಬರುವುದಿಲ್ಲ, ನಿಜ. ಅದರ ಬದಲು ಜೆಂಕಿನ್ಸೇ ಹೋಗಿ ಗಿಟ್‌ಹಬ್‌ನಲ್ಲಿ ಹೊಸ ಕೋಡ್ ಬಂದಿದೆಯಾ ಅಂತ ಕೇಳಲಿ. ಜಾಬ್‌ನ (ಜೆಂಕಿನ್ಸ್‌ಗೆ ಒಪ್ಪಿಸಿದ ಒಂದು ಕೆಲಸದ) ಸೆಟ್ಟಿಂಗ್‌ನಲ್ಲಿ "ಪೋಲ್ ಎಸ್‌ಸಿಎಂ" ಅಂತ ಇದೆ. ಅಲ್ಲಿ ನಿಮಿಷದ ಜಾಗದಲ್ಲಿ ಇಂಗ್ಲಿಷ್‌ನ ಎಚ್ ಅಕ್ಷರ, ಒಂದು ಓರೆಗೆರೆ (ಸ್ಲ್ಯಾಷ್), 5 ಅಂತ ಬರೆಯಿರಿ. ಉಳಿದ ನಾಲ್ಕು ಜಾಗಕ್ಕೆ ನಕ್ಷತ್ರ. ಐದು ನಿಮಿಷಕ್ಕೊಮ್ಮೆ ಹೋಗಿ ನೋಡಿ ಬರುತ್ತದೆ. ಎಚ್ ಹಾಕುವುದು ಯಾಕೆಂದರೆ, ಎಲ್ಲ ಜಾಬ್‌ಗಳೂ ಒಂದೇ ನಿಮಿಷಕ್ಕೆ ಎದ್ದು ನೂಕುನುಗ್ಗಲು ಮಾಡದ ಹಾಗೆ ಜಾಬ್ ಹೆಸರಿನ ಮೇಲೆ ಸಮಯ ಹಂಚಿಕೆ ಆಗುತ್ತದೆ. ಐದು ಜನರ ತಂಡಕ್ಕೆ ಐದು ನಿಮಿಷ ತಡವಾದರೆ ಏನೂ ಮುಳುಗಿ ಹೋಗುವುದಿಲ್ಲ.

ಈಗ "ಹೊಸದೇನು" ಅನ್ನುವ ವಿಷಯಕ್ಕೆ ಬರೋಣ.

ಜೆಂಕಿನ್ಸ್ ಹಳೇ ಮನೆ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಾಗುಚಿ 2004ರ ಹೊತ್ತಿಗೆ ಹಡ್ಸನ್ ಎಂಬ ಹೆಸರಿನಲ್ಲಿ ಶುರು ಮಾಡಿದ್ದು. ಸನ್ ಒರಾಕಲ್ ಕೈಗೆ ಹೋದ ಮೇಲೆ ಹೆಸರಿನ ಜಗಳ ಬಂತು. 2011ರಲ್ಲಿ ಜೆಂಕಿನ್ಸ್ ಆಯಿತು. ಈಗಲೂ ಒಳಗೆ ಕೆದಕಿದರೆ ಅಲ್ಲಲ್ಲಿ ಹಡ್ಸನ್ ಅನ್ನುವ ಹೆಸರೇ ಸಿಗುತ್ತದೆ. ಇದರಲ್ಲಿ ಎರಡು ಸಾಲು ಬಿಡುಗಡೆ. ವಾರಕ್ಕೊಂದು ಆವೃತ್ತಿ ಬರುತ್ತದೆ, ಅದು ಆತುರದವರಿಗೆ. ನಿಮಗೆ ಬೇಕಾದ್ದು ಎಲ್‌ಟಿಎಸ್. ಅದಕ್ಕೆ ಹನ್ನೆರಡು ವಾರಕ್ಕೊಮ್ಮೆ ಹೊಸ ಬುನಾದಿ, ನಡುವೆ ಸುಮಾರು ನಾಲ್ಕು ವಾರಕ್ಕೊಮ್ಮೆ ರಿಪೇರಿ. ಆವೃತ್ತಿ ಸಂಖ್ಯೆಯಲ್ಲಿ ಮೂರು ಭಾಗ ಇದ್ದರೆ ಅದು ಎಲ್‌ಟಿಎಸ್ ಅಂತ ಗುರುತು ಹಿಡಿಯಬಹುದು.

ಕಣ್ಣಿಗೆ ಕಾಣುವ ಬದಲಾವಣೆಗಳು ಬೇಕಾದಷ್ಟಿವೆ. ಪುಟಗಳ ಅಂದ ಬದಲಾಗಿದೆ. ಪ್ಲಗಿನ್ ಹಾಕಿಕೊಂಡರೆ ಕಪ್ಪು ಬಣ್ಣದ ಥೀಮ್ ಬರುತ್ತದೆ. ಕಂಟ್ರೋಲ್ ಜೊತೆ ಕೆ ಒತ್ತಿದರೆ ಹುಡುಕುವ ಪೆಟ್ಟಿಗೆ ತೆರೆಯುತ್ತದೆ, ಜಾಬ್ ಹೆಸರು ಹೊಡೆದು ನೇರ ಹೋಗಬಹುದು. ಪ್ಲಗಿನ್ ಪಟ್ಟಿಯಲ್ಲಿ ಪ್ರತಿ ಪ್ಲಗಿನ್ ಪಕ್ಕ ಅದರ ಆರೋಗ್ಯದ ಅಂಕ ಕಾಣುತ್ತದೆ, ನನಗೆ ಇದು ಇಷ್ಟ. ಬ್ಲೂ ಓಷನ್ ಎಂಬ ಪ್ಲಗಿನ್‌ನ ಪುಟಗಳನ್ನು ಬಳಸುತ್ತಿದ್ದರೆ ಅದಕ್ಕೆ ಹೊಸ ಸೌಲಭ್ಯ ಸೇರಿಸುವುದನ್ನು ನಿಲ್ಲಿಸಿದ್ದಾರೆ. ಅದರ ಜಾಗಕ್ಕೆ ಪೈಪ್‌ಲೈನ್ ಗ್ರಾಫ್ ವ್ಯೂ ಪ್ಲಗಿನ್ ಹಾಕಿಕೊಳ್ಳಿ. ಇಷ್ಟಕ್ಕೇ ಆಗಿದ್ದರೆ ನಾನೂ ನಿಮ್ಮ ಬಾಸ್ ಪಕ್ಷವೇ.

ನಿಜವಾದ ಬದಲಾವಣೆ ಕೆಳಗಡೆ, ಜಾವಾದಲ್ಲಿ ಆಗಿದೆ. 2022ರ ಸೆಪ್ಟೆಂಬರ್‌ನಲ್ಲಿ ಬಂದ 2.361.1ರಿಂದ ಜೆಂಕಿನ್ಸ್ ಓಡಲು ಜಾವಾ 11 ಬೇಕೇ ಬೇಕು. 2024ರ ಅಕ್ಟೋಬರ್‌ನ 2.479.1ರಿಂದ ಕನಿಷ್ಠ 17. ಎರಡು ವರ್ಷಕ್ಕೊಂದು ದೀರ್ಘಾವಧಿ ಜಾವಾ ಬರುತ್ತದೆ, ಜೆಂಕಿನ್ಸ್ ಅದೇ ತಾಳಕ್ಕೆ ಹಳೆಯದನ್ನು ಬಿಡುತ್ತಾ ಹೋಗುತ್ತದೆ. ಹಾಗಾಗಿ ಈಗ ಶ್ರಮ ಪಡುವವರು 17ಕ್ಕೆ ನಿಲ್ಲಬೇಡಿ. ನೇರ 21 ಹಾಕಿಕೊಳ್ಳಿ. ನೀವು ಬರೀ ಪ್ಲಗಿನ್ ಅಪ್‌ಡೇಟ್ ಮಾಡಲು ಹೋಗಿ ಕೈ ಸುಟ್ಟುಕೊಂಡಿದ್ದೂ ಇದೇ ಕಾರಣಕ್ಕೆ. ಇಂದಿನ ಪ್ಲಗಿನ್‌ಗಳು ಇಂದಿನ ಜೆಂಕಿನ್ಸ್ ಮತ್ತು ಇಂದಿನ ಜಾವಾ ಇದೆ ಅಂದುಕೊಂಡೇ ಬರುತ್ತವೆ.

"ನಮ್ಮ ಸಾಫ್ಟ್‌ವೇರ್ ಜಾವಾ 8ರಲ್ಲಿದೆ, ಹಾಗಾದರೆ ಜೆಂಕಿನ್ಸ್ ಮೇಲೇರಿಸೋಕೆ ಆಗಲ್ಲ ಅಲ್ವಾ?" ಈ ಮಾತು ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಲ್ಲ. ಜೆಂಕಿನ್ಸ್ ಓಡುವ ಜಾವಾ ಬೇರೆ, ಅದು ನಿಮ್ಮ ಕೋಡನ್ನು ಬಿಲ್ಡ್ ಮಾಡಲು ಕರೆಯುವ ಜಾವಾ ಬೇರೆ. ಅಡುಗೆಯವನು ಹೊಸ ಅಂಗಿ ಹಾಕಿದ ಅಂತ ಕಡುಬಿನ ಪಾತ್ರೆ ಬದಲಾಗುವುದಿಲ್ಲ. ಮೆಷಿನ್‌ನಲ್ಲಿ ಎರಡೂ ಜೆಡಿಕೆ (ಜಾವಾ ಕೋಡ್ ಕಟ್ಟುವ ಕಿಟ್) ಇರಲಿ. ಟೂಲ್ಸ್ ಸೆಟ್ಟಿಂಗ್‌ನಲ್ಲಿ ಹಳೆಯದಕ್ಕೆ ಒಂದು ಹೆಸರು ಕೊಡಿ, ಪೈಪ್‌ಲೈನ್‌ನಲ್ಲಿ (ಬಿಲ್ಡ್‌ನ ಹೆಜ್ಜೆಗಳನ್ನು ಬರೆದಿಟ್ಟ ಸ್ಕ್ರಿಪ್ಟ್‌ನಲ್ಲಿ) ಆ ಹೆಸರು ಹೇಳಿ. ನಿಮ್ಮ ಸಾಫ್ಟ್‌ವೇರ್ ಮೊದಲಿನ ಹಾಗೆ ಜಾವಾ 8ರಲ್ಲೇ ಬಿಲ್ಡ್ ಆಗುತ್ತದೆ.

ಒಂದು ಕಡೆ ಮಾತ್ರ ಎಡವುತ್ತೀರಿ. ಜಾಬ್ ಮಾಡುವಾಗ "ಮೇವನ್ ಪ್ರಾಜೆಕ್ಟ್" ಅನ್ನುವ ಬಗೆಯನ್ನು ಆರಿಸಿಕೊಂಡಿದ್ದರೆ, ಅದು ಮೇವನ್‌ನ (ಜಾವಾ ಬಿಲ್ಡ್ ಮಾಡುವ ಟೂಲ್‌ನ) ಒಳಗೇ ಜೆಂಕಿನ್ಸ್‌ನ ಕೋಡನ್ನು ತುರುಕುತ್ತದೆ. ಆಗ ಬಿಲ್ಡ್ ಮಾಡುವ ಜಾವಾ ಕೂಡ ಜೆಂಕಿನ್ಸ್ ಕೇಳುವಷ್ಟು ಹೊಸದಿರಬೇಕು. ಇಂಥ ಜಾಬ್‌ಗಳನ್ನು ಮೊದಲೇ ಪೈಪ್‌ಲೈನ್‌ಗೆ ಬದಲಾಯಿಸಿ. ಪೈಪ್‌ಲೈನ್ ಬರೆಯಲು ಸಮಯ ಇಲ್ಲದಿದ್ದರೆ ಫ್ರೀಸ್ಟೈಲ್ (ಪುಟದಲ್ಲೇ ಹೆಜ್ಜೆಗಳನ್ನು ತುಂಬಿಸುವ ಜಾಬ್) ಮಾಡಿ, ಮೇವನ್ ಅನ್ನು ಒಂದು ಮಾಮೂಲಿ ಹೆಜ್ಜೆಯಾಗಿ ಕರೆಯಿರಿ. 2021ರ ಜೆಂಕಿನ್ಸ್‌ಗಳಲ್ಲಿ ಈ ಬಗೆಯ ಜಾಬ್ ತುಂಬಾ ಇರುತ್ತದೆ, ಹುಡುಕಿ ನೋಡಿ.

ಇನ್ನು ಹತ್ತುವ ದಾರಿ. 2.289ರಿಂದ ಇವತ್ತಿನ ಆವೃತ್ತಿಗೆ ಒಂದೇ ನೆಗೆತ ಬೇಡ. ನಾನಾಗಿದ್ದರೆ ಮೂರು ಮೆಟ್ಟಿಲು ಮಾಡುತ್ತೇನೆ. ಮೊದಲು 2.346.3. ಜಾವಾ 8ರಲ್ಲಿ ಓಡುವ ಕೊನೆಯ ಎಲ್‌ಟಿಎಸ್ ಸಾಲು ಇದು, 11ರಲ್ಲೂ ಓಡುತ್ತದೆ. ಇಲ್ಲಿ ನಿಂತು ಜಾವಾವನ್ನು 11 ಮಾಡಿ. ಆಮೇಲೆ 2.462.3. ಜಾವಾ 11ರಲ್ಲಿ ಓಡುವ ಕೊನೆಯದು, 17 ಮತ್ತು 21ಕ್ಕೂ ಒಗ್ಗುತ್ತದೆ. ಇಲ್ಲಿ ಜಾವಾ 21 ಹಾಕಿ. ಆಮೇಲೆ ಈಗಿನ ಎಲ್‌ಟಿಎಸ್. ಪ್ರತಿ ಮೆಟ್ಟಿಲಲ್ಲಿ ಮೊದಲು ಜೆಂಕಿನ್ಸ್, ಆಮೇಲೆ ಅದಕ್ಕೆ ಹೊಂದುವ ಪ್ಲಗಿನ್. ಮೆಟ್ಟಿಲು ಇಟ್ಟ ಕಡೆಯೆಲ್ಲ ಹಳೇ ಜಾವಾ, ಹೊಸ ಜಾವಾ ಎರಡರಲ್ಲೂ ನಡೆಯುವ ಒಂದು ಜಾಗ ಸಿಗುತ್ತದೆ. ಜಾವಾ ಬದಲಾಯಿಸಿ ಕೆಟ್ಟರೆ ಜಾವಾ ಕೆಟ್ಟಿತು ಅಂತ ಗೊತ್ತಾಗುತ್ತದೆ. ಜೆಂಕಿನ್ಸ್, ಜಾವಾ ಎರಡನ್ನೂ ಒಟ್ಟಿಗೆ ಬದಲಾಯಿಸಿ ಕೆಟ್ಟರೆ ಇಡೀ ಭಾನುವಾರ ಹಾಳು.

ಕೊನೆಯ ಮೆಟ್ಟಿಲು ಸ್ವಲ್ಪ ಎತ್ತರದ್ದು. 2.479.1ರಲ್ಲಿ ಒಳಗಿನ ವೆಬ್ ಸರ್ವರ್ ಜೆಟ್ಟಿ 12 ಆಯಿತು, ಸ್ಪ್ರಿಂಗ್ ಸೆಕ್ಯುರಿಟಿ 6 ಆಯಿತು, ಜಾವಾ ಇಇ ಹೋಗಿ ಜಕಾರ್ತಾ ಇಇ 9 ಬಂತು. ಲಾಗಿನ್‌ಗೆ ಸಂಬಂಧಪಟ್ಟ ಪ್ಲಗಿನ್‌ಗಳಿಗೆ ಇದರ ಏಟು ಜಾಸ್ತಿ. ಕಂಪನಿಯ ಎಲ್‌ಡ್ಯಾಪ್ (ಎಲ್ಲರ ಲಾಗಿನ್ ಒಂದೇ ಕಡೆ ಇಡುವ ಪಟ್ಟಿ) ಅಥವಾ ಗಿಟ್‌ಹಬ್ ಲಾಗಿನ್ ಬಳಸುತ್ತಿದ್ದರೆ ಆ ಪ್ಲಗಿನ್ ಹೊಸದಾಗಿದೆಯಾ ಅಂತ ಮೊದಲೇ ನೋಡಿ. ಇಲ್ಲದಿದ್ದರೆ ಅಪ್‌ಗ್ರೇಡ್ ಚೆನ್ನಾಗಿ ಆಗುತ್ತದೆ, ಒಳಗೆ ಹೋಗಲು ಯಾರಿಗೂ ಆಗುವುದಿಲ್ಲ.

ಇದನ್ನೆಲ್ಲ ನೇರ ಆ ಡೆಸ್ಕ್‌ಟಾಪ್ ಮೇಲೆ ಮಾಡಬೇಡಿ. ಜೆಂಕಿನ್ಸ್‌ನ ಹೋಮ್ ಫೋಲ್ಡರ್ ಕಾಪಿ ಮಾಡಿ ಒಂದು ಲ್ಯಾಪ್‌ಟಾಪ್‌ಗೆ ಹಾಕಿ. ಜೆಂಕಿನ್ಸ್‌ನ ವಾರ್ ಫೈಲ್ (ಇಡೀ ಜೆಂಕಿನ್ಸ್ ಇರುವ ಒಂದೇ ಫೈಲು) ಇಳಿಸಿಕೊಂಡು, ಆ ಕಾಪಿಯನ್ನೇ ಹೋಮ್ ಅಂತ ತೋರಿಸಿ, ಬೇರೆ ಪೋರ್ಟ್‌ನಲ್ಲಿ ಓಡಿಸಿ. ಹೊಸ ಆವೃತ್ತಿ ಪ್ರಯತ್ನಿಸಬೇಕಾದರೆ ವಾರ್ ಫೈಲ್ ಬದಲಾಯಿಸಿದರಾಯಿತು. ಆ ಜೆಂಕಿನ್ಸ್ ಎದ್ದ ತಕ್ಷಣ "ಪ್ರಿಪೇರ್ ಫಾರ್ ಶಟ್‌ಡೌನ್" ಒತ್ತಿ. ಕಾಪಿ ಆದರೇನು, ಅದರ ಟೈಮರ್‌ಗಳು ಅಸಲಿ. ಬಿಟ್ಟರೆ ರಾತ್ರಿ ಎರಡು ಗಂಟೆಗೆ ಗ್ರಾಹಕರ ಸರ್ವರ್‌ಗೆ ತಾನೇ ಹೋಗಿ ಡಿಪ್ಲಾಯ್ ಮಾಡಿಬಿಡುತ್ತದೆ.

ತಾಲೀಮಿನಲ್ಲಿ ನೋಡಬೇಕಾದ್ದು ಹಸಿರು ಗುರುತನ್ನಲ್ಲ, ಟೆಸ್ಟ್‌ಗಳ ಸಂಖ್ಯೆಯನ್ನು. ಗೊತ್ತಿರುವ ಒಂದು ಹಳೇ ಟ್ಯಾಗ್ (ಹೆಸರಿಟ್ಟು ಗುರುತು ಮಾಡಿದ ಹಳೇ ಕೋಡ್) ಆರಿಸಿಕೊಳ್ಳಿ. ಅದರಲ್ಲಿ ಔಟ್‌ಟರ್ನ್ ಲೆಕ್ಕದ ಟೆಸ್ಟ್‌ಗಳು ಇದ್ದೇ ಇರುತ್ತವೆ. 50 ಕೆ.ಜಿ. ಚೆರಿ ಮೂಟೆಯಲ್ಲಿ 26 ಕೆ.ಜಿ. ಕ್ಲೀನ್ ಕಾಫಿ ಬಂದರೆ 52 ಶೇಕಡಾ ಬರಬೇಕು ಅನ್ನುವಂಥವು. ಆರಿಸಿದ ಟ್ಯಾಗ್ ಬದಲಾಗಿಲ್ಲ ಅಂದಮೇಲೆ ಮೊದಲು ಎಷ್ಟು ಟೆಸ್ಟ್ ಓಡಿದ್ದವೋ ಅಷ್ಟೇ ಈಗಲೂ ಓಡಬೇಕು. ಜೆಡಿಕೆ ದಾರಿ ತಪ್ಪಿ, ರಿಪೋರ್ಟ್ ಪ್ಲಗಿನ್ ಕೈಕೊಟ್ಟು, ಸೊನ್ನೆ ಟೆಸ್ಟ್ ಓಡಿ ಹಸಿರಾದ ಬಿಲ್ಡ್‌ಗಳನ್ನು ನಾನು ನೋಡಿದ್ದೇನೆ. ಕೆಂಪು ಬಿಲ್ಡ್ ಆದರೆ ಯಾರಾದರೂ ನೋಡುತ್ತಾರೆ. ಸೊನ್ನೆಯ ಹಸಿರನ್ನು ಯಾರೂ ನೋಡುವುದಿಲ್ಲ.

ಬ್ಯಾಕಪ್ ಬಗ್ಗೆ ನನ್ನದೇ ಪೆಟ್ಟು ಹೇಳುತ್ತೇನೆ. ಬೆಂಗಳೂರಿನಲ್ಲಿ ಒಂದು ಕಂಪನಿಯಲ್ಲಿದ್ದಾಗ, ಹೆಸರು ಬೇಡ, ಜೆಂಕಿನ್ಸ್ ಬ್ಯಾಕಪ್ ನನ್ನ ಜವಾಬ್ದಾರಿ. ಜಾಬ್‌ಗಳು, ಕಾನ್ಫಿಗ್, ಕ್ರೆಡೆನ್ಷಿಯಲ್ಸ್ ಫೈಲು, ಎಲ್ಲ ಪ್ರತಿ ರಾತ್ರಿ ಹೋಗುತ್ತಿತ್ತು. ಸೀಕ್ರೆಟ್ಸ್ ಅನ್ನುವ ಫೋಲ್ಡರ್ ಮಾತ್ರ ಬಿಟ್ಟಿದ್ದೆ, ಹೆಸರು ನೋಡಿಯೇ ಹೊರಗೆ ಕಳಿಸುವುದು ಬೇಡ ಅನ್ನಿಸಿತ್ತು. ಡಿಸ್ಕ್ ಸತ್ತ ದಿನ ಬ್ಯಾಕಪ್ ತಂದು ಹಾಕಿದೆ. ಜಾಬ್‌ಗಳೆಲ್ಲ ಬಂದವು. ಪಾಸ್‌ವರ್ಡ್ ಒಂದೂ ತೆರೆಯಲಿಲ್ಲ. ಆ ಫೋಲ್ಡರ್‌ನಲ್ಲಿರುವ ಮಾಸ್ಟರ್ ಕೀ ಮತ್ತು ಹಡ್ಸನ್ ಯುಟಿಲ್ ಸೀಕ್ರೆಟ್ ಅನ್ನುವ ಎರಡು ಫೈಲ್ ಇಲ್ಲದೆ ಕ್ರೆಡೆನ್ಷಿಯಲ್ಸ್ ಫೈಲು ಬರೀ ಗಂಟು. ನಾಲ್ಕು ದಿನ ಒಂದೊಂದೇ ತಂಡದ ಮುಂದೆ ಹೋಗಿ ಪಾಸ್‌ವರ್ಡ್ ಮತ್ತೆ ಕೊಡಿ ಅಂತ ನಿಂತಿದ್ದೆ. ನೀವು ಆ ಫೋಲ್ಡರನ್ನು ಖಂಡಿತ ತೆಗೆದಿಡಿ, ಆದರೆ ಉಳಿದ ಬ್ಯಾಕಪ್ ಇರುವ ಡಿಸ್ಕ್‌ನಲ್ಲಿ ಬೇಡ. ಬೀಗ ಒಂದು ಕಡೆ, ಬೀಗದ ಕೈ ಇನ್ನೊಂದು ಕಡೆ.

ಬ್ಯಾಕಪ್ ಡಿಸ್ಕ್ ಅದೇ ಕಟ್ಟಡದಲ್ಲೂ ಇರಬಾರದು. ಇದನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರಿ ರಸ್ತೆಯೇ ಇಲ್ಲದಾಯಿತು. ಅದೇ ವರ್ಷ, ಮರುವರ್ಷ ಮತ್ತೆ, ಕಾವೇರಿ ಉಕ್ಕಿ ನಿಮ್ಮ ಊರಿನ ಬಡಾವಣೆಗಳಿಗೇ ನೀರು ನುಗ್ಗಿತ್ತು. ಮೇಜಿನ ಕೆಳಗೆ ನೆಲದ ಮೇಲೆ ಅಂತ ಬರೆದಿದ್ದೀರಿ. ಓದಿ ಎದೆ ಝಲ್ಲೆಂದಿತು. ಅಪ್‌ಗ್ರೇಡ್‌ಗೆ ಬಾಸ್ ಒಪ್ಪಿಗೆ ಬೇಕು, ಡಬ್ಬ ಎತ್ತಿ ಮೇಜಿನ ಮೇಲೆ ಇಡಲು ಬೇಕಾಗಿಲ್ಲ.

ಅಸಲಿ ಮೆಷಿನ್‌ಗೆ ಬಂದಾಗ ಎರಡು ಕಡೆ ಗಾಬರಿ ಆಗುತ್ತೀರಿ. ಒಂದು, ಉಬುಂಟುವಿನ ಏಪ್ಟ್ ಅಪ್‌ಡೇಟ್ ಕಮಾಂಡ್ ಕೊಟ್ಟರೆ ಪಬ್ಲಿಕ್ ಕೀ ಇಲ್ಲ ಅಂತ ತಕರಾರು ಮಾಡುತ್ತದೆ. ಜೆಂಕಿನ್ಸ್ ಪ್ಯಾಕೇಜ್‌ಗೆ ಸಹಿ ಹಾಕುವ ಕೀ ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆ. ನಿಮ್ಮ ಹತ್ತಿರ ಇರುವುದು 2023ರ ಬದಲಾವಣೆಗೂ ಹಿಂದಿನದು. ಅವರ ಡೌನ್‌ಲೋಡ್ ಪುಟದಲ್ಲಿ ಹೊಸ ಕೀ ಇದೆ, ತಂದು ಹಾಕಿ. ಬೇರೆ ಕಡೆ ಸಿಕ್ಕ ಹಳೇ ಉತ್ತರ ನೋಡಿ ಸಹಿ ಪರೀಕ್ಷೆಯನ್ನೇ ಆಫ್ ಮಾಡಬೇಡಿ.

ಇನ್ನೊಂದು ಸಿಸ್ಟಮ್‌ಡಿ, ಉಬುಂಟುವಿನಲ್ಲಿ ಸರ್ವಿಸ್‌ಗಳನ್ನು ಎಬ್ಬಿಸಿ ನಿಲ್ಲಿಸುವ ಪ್ರೋಗ್ರಾಂ. 2.332.1ರಿಂದ ಜೆಂಕಿನ್ಸ್ ಹಳೇ ಇನಿಟ್ ಸ್ಕ್ರಿಪ್ಟ್ ಬಿಟ್ಟು ಸಿಸ್ಟಮ್‌ಡಿ ಕೈಗೆ ಹೋಯಿತು. ನಿಮ್ಮ ಸೀನಿಯರ್ ಮೆಮೊರಿ ಮಿತಿ, ಪೋರ್ಟ್ ಎಲ್ಲ ಬರೆದಿಟ್ಟಿದ್ದ ಹಳೇ ಡಿಫಾಲ್ಟ್ ಫೈಲನ್ನು ಈಗ ಅದು ಕೇಳುವುದಿಲ್ಲ. ಪ್ಯಾಕೇಜ್ ತಾನೇ ಒಂದಷ್ಟು ಸಾಗಿಸಲು ನೋಡುತ್ತದೆ, ಆದರೂ ಕಣ್ಣಾರೆ ನೋಡಿ. ಬದಲಾವಣೆ ಬೇಕಿದ್ದರೆ ಸಿಸ್ಟಮ್‌ಸಿಟಿಎಲ್ ಎಡಿಟ್ ಕಮಾಂಡ್‌ನಲ್ಲಿ ಮಾಡಬೇಕು. ಇದರ ಜೊತೆಗೆ ಹಳೇ ಡೆಸ್ಕ್‌ಟಾಪ್‌ಗಳಲ್ಲೇ ಕಾಣುವ ಒಂದು ಕಾಟ ಇದೆ. ಅಪ್‌ಗ್ರೇಡ್ ಆದ ಮೇಲೆ ಮೊದಲ ಸಲ ಏಳಲು ಜೆಂಕಿನ್ಸ್‌ಗೆ ಹೊತ್ತು ಹಿಡಿಯುತ್ತದೆ. ಸಿಸ್ಟಮ್‌ಡಿ ಕಾಯುವುದು 90 ಸೆಕೆಂಡು. ಅಷ್ಟರಲ್ಲಿ "ಎದ್ದೆ" ಅನ್ನದಿದ್ದರೆ ಕುತ್ತಿಗೆ ಹಿಡಿದು ಮುಗಿಸಿ ಮತ್ತೆ ಎಬ್ಬಿಸುತ್ತದೆ. ಅದು ಮತ್ತೆ ಅರ್ಧ ಎದ್ದು ಮತ್ತೆ ಸಾಯುತ್ತದೆ. ನೋಡುವವರು ಜೆಂಕಿನ್ಸ್ ಕೆಟ್ಟುಹೋಯಿತು ಅಂತ ಹಣೆ ಚಚ್ಚಿಕೊಳ್ಳುತ್ತಾರೆ. ಸ್ಟಾರ್ಟ್ ಟೈಮ್‌ಔಟನ್ನು ಐದು ಹತ್ತು ನಿಮಿಷಕ್ಕೆ ಏರಿಸಿ, ಸಮಾಧಾನವಾಗಿ ಒಂದು ಕಾಫಿ ಕುಡಿದು ಬನ್ನಿ.

ವಿಂಡೋಸ್ ಏಜೆಂಟ್ ಮರೆಯಬೇಡಿ. ಎಲ್ಲರೂ ಮರೆಯುವುದು ಅದನ್ನೇ. ಕಂಟ್ರೋಲರ್‌ಗೆ (ಜೆಂಕಿನ್ಸ್ ಓಡುವ ಡಬ್ಬಕ್ಕೆ) ಹೊಸ ಜಾವಾ ಹಾಕಿ ಖುಷಿಯಾಗಿರುತ್ತಾರೆ, ಏಜೆಂಟ್ ಮಾತ್ರ ಬರುವುದಿಲ್ಲ. ಲಾಗ್ ತೆರೆದರೆ "ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್ ಎರರ್", ಪಕ್ಕದಲ್ಲಿ 61.0, 52.0 ಅಂತ ಎರಡು ಸಂಖ್ಯೆ. ಆ ಸಂಖ್ಯೆಯಿಂದ 44 ಕಳೆಯಿರಿ, ಜಾವಾ ಆವೃತ್ತಿ ಸಿಗುತ್ತದೆ. 61 ಅಂದರೆ 17, 55 ಅಂದರೆ 11, 52 ಅಂದರೆ 8. ಅಂದರೆ ಕಂಟ್ರೋಲರ್ ಕಳಿಸಿದ ಕೋಡ್ ಜಾವಾ 17ರದ್ದು, ಏಜೆಂಟ್‌ಗೆ ಗೊತ್ತಿರುವುದು 8ರವರೆಗೆ. ಮೆಟ್ಟಿಲು ಹತ್ತಿದ ಹಾಗೆಲ್ಲ ಆ ವಿಂಡೋಸ್ ಪಿಸಿಯಲ್ಲೂ ಕಂಟ್ರೋಲರ್‌ನಲ್ಲಿರುವ ಜಾವಾವನ್ನೇ ಹಾಕಿ, ಏಜೆಂಟ್ ಜಾರ್ ಫೈಲನ್ನು ಹೊಸ ಕಂಟ್ರೋಲರ್‌ನಿಂದಲೇ ಮತ್ತೆ ಇಳಿಸಿಕೊಳ್ಳಿ. ಇದೇ ಸಂದರ್ಭದಲ್ಲಿ ವೆಬ್‌ಸಾಕೆಟ್‌ಗೆ ಬದಲಾಯಿಸಿಬಿಡಿ. 2020ರಲ್ಲೇ ಬಂದ ಸೌಲಭ್ಯ, ಬಳಸುವವರು ಕಡಿಮೆ. ಏಜೆಂಟ್‌ಗೆಂದು ಬೇರೆ ಪೋರ್ಟ್ ಬೇಕಾಗುವುದಿಲ್ಲ, ಮಾಮೂಲಿ ವೆಬ್ ಪೋರ್ಟ್‌ನಲ್ಲೇ ಕೆಲಸ ಆಗುತ್ತದೆ.

ಕರೆಂಟ್ ವಿಷಯ. ವಿರಾಜಪೇಟೆ ಕಡೆಯವನು ನಾನು. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಒಂದು ಮರ ತಂತಿ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಕೇಳುವುದನ್ನೇ ಬಿಟ್ಟಿದ್ದೇನೆ. ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆ ಇದೆ. ಜೆಂಕಿನ್ಸ್ ರೀಸ್ಟಾರ್ಟ್ ಆದರೆ ಬಿಲ್ಡ್ ಮುಂದುವರಿಯುತ್ತಾ? ಪೈಪ್‌ಲೈನ್ ಆಗಿದ್ದರೆ ಮುಂದುವರಿಯುತ್ತದೆ, ಫ್ರೀಸ್ಟೈಲ್ ಆಗಿದ್ದರೆ ಇಲ್ಲ. ಪೈಪ್‌ಲೈನ್ ಪ್ರತಿ ಹೆಜ್ಜೆಯನ್ನೂ ಡಿಸ್ಕ್‌ಗೆ ಬರೆದಿಡುತ್ತದೆ. ಎಷ್ಟು ಜೋಪಾನವಾಗಿ ಬರೆಯಬೇಕು ಅನ್ನುವುದಕ್ಕೆ ಡ್ಯೂರಬಿಲಿಟಿ ಸೆಟ್ಟಿಂಗ್ ಇದೆ. ಮೊದಲಿಂದ ಬರುವುದು ಮ್ಯಾಕ್ಸಿಮಮ್ ಸರ್ವೈವಬಿಲಿಟಿ. ಯಾರಾದರೂ ವೇಗ ಸಿಗುತ್ತದೆ ಅಂತ ಪರ್ಫಾರ್ಮೆನ್ಸ್ ಆಪ್ಟಿಮೈಸ್ಡ್‌ಗೆ ಬದಲಾಯಿಸಿದ್ದರೆ ವಾಪಸ್ ತನ್ನಿ. ಅದು ಬೆಂಗಳೂರಿನ ಡೇಟಾ ಸೆಂಟರ್‌ನವರಿಗೆ ಸರಿ. ಕೈಯಾರೆ ಶಟ್‌ಡೌನ್ ಮಾಡದೆ ಕರೆಂಟ್ ಹೋದರೆ ಆ ಸೆಟ್ಟಿಂಗ್‌ನಲ್ಲಿ ಓಡುತ್ತಿದ್ದ ಬಿಲ್ಡ್ ಕೈತಪ್ಪುತ್ತದೆ.

ಎರಡನೆಯದು, ಏಜೆಂಟ್ ಪಿಸಿಯೇ ಆಫ್ ಆದರೆ? ಅಲ್ಲಿ ಓಡುತ್ತಿದ್ದ ಕಮಾಂಡ್ ಸತ್ತಿತು, ಅದನ್ನು ಯಾವ ಸೆಟ್ಟಿಂಗೂ ಉಳಿಸುವುದಿಲ್ಲ. ಇದಕ್ಕೆ ಹೊಸ ಆವೃತ್ತಿಗಳಲ್ಲಿ ಒಂದು ಒಳ್ಳೇ ಸೌಲಭ್ಯ ಇದೆ. ಪೈಪ್‌ಲೈನ್‌ನ ರೀಟ್ರೈ ಹೆಜ್ಜೆಗೆ 2022ರಿಂದ ಷರತ್ತು ಹಾಕಬಹುದು. ಏಜೆಂಟ್ ಕೈಕೊಟ್ಟಿದ್ದರೆ ಮಾತ್ರ ಮತ್ತೆ ಓಡಿಸು, ಟೆಸ್ಟ್ ಫೇಲ್ ಆಗಿದ್ದರೆ ಬೇಡ ಅಂತ. ಮೊದಲಿನ ರೀಟ್ರೈ ಎರಡಕ್ಕೂ ಒಂದೇ ಥರ ಓಡುತ್ತಿತ್ತು, ಫೇಲಾದ ಟೆಸ್ಟನ್ನು ಮೂರು ಸಲ ಓಡಿಸಿ ಮೂರು ಸಲವೂ ಫೇಲ್ ಅನ್ನುತ್ತಿತ್ತು. ನೀವು ಅಪ್‌ಗ್ರೇಡ್ ಮಾಡಿದ ಮೇಲೆ ನಿಮ್ಮ ದಿನಚರಿಯಲ್ಲಿ ನಿಜಕ್ಕೂ ಗೊತ್ತಾಗುವ ಬದಲಾವಣೆ ಇದೊಂದೇ ಇರಬಹುದು.

ಯುಪಿಎಸ್ ಇದ್ದೇ ಇರುತ್ತದೆ ಅಂದುಕೊಂಡಿದ್ದೇನೆ. ಅದರ ಯುಎಸ್‌ಬಿ ತಂತಿಯನ್ನು ಡೆಸ್ಕ್‌ಟಾಪ್‌ಗೆ ಸಿಕ್ಕಿಸಿ, ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ. ಬ್ಯಾಟರಿ ಇಳಿದಾಗ ಮೆಷಿನ್ ತಾನೇ ನೆಟ್ಟಗೆ ಶಟ್‌ಡೌನ್ ಆಗುತ್ತದೆ. ಬಯೋಸ್‌ನಲ್ಲಿ ಕರೆಂಟ್ ಬಂದ ಕೂಡಲೇ ಆನ್ ಆಗುವ ಸೆಟ್ಟಿಂಗ್ ಹಾಕಿದರೆ ಬೆಳಿಗ್ಗೆ ಬಂದು ಬಟನ್ ಒತ್ತುವ ಕೆಲಸವೂ ತಪ್ಪಿತು.

ಪ್ಲಗಿನ್ ಬಗ್ಗೆ ಒಂದು ಮಾತು. ಮಳೆಗಾಲಕ್ಕೆ ಮುಂಚೆ ತೋಟದಲ್ಲಿ ಮರ ಕಪಾತು ಮಾಡಿಸುತ್ತೇವಲ್ಲ, ಇದೂ ಅದೇ ಕೆಲಸ. ಹತ್ತುವುದಕ್ಕೆ ಮೊದಲು ಪ್ಲಗಿನ್ ಪಟ್ಟಿ ತೆರೆದು ಯಾವುದು ಯಾವ ಜಾಬ್‌ಗೆ ಬೇಕು ಅಂತ ಕೇಳಿಕೊಳ್ಳಿ. ಉತ್ತರ ಗೊತ್ತಿಲ್ಲದ್ದನ್ನು ತಾಲೀಮಿನ ಕಾಪಿಯಲ್ಲಿ ತೆಗೆದು ನೋಡಿ. ಜಾಬ್‌ಗಳು ಓಡಿದರೆ ಅದು ಹೋಗಲಿ. ಅಪ್‌ಗ್ರೇಡ್‌ನಲ್ಲಿ ಮುರಿಯುವುದು ಹತ್ತಕ್ಕೆ ಒಂಬತ್ತು ಸಲ ಯಾರೋ ಒಮ್ಮೆ ಪ್ರಯತ್ನಿಸಿ ಬಿಟ್ಟ ಪ್ಲಗಿನ್.

ಹಾಗೇ, ಕಂಟ್ರೋಲರ್ ಮೇಲೆ ಬಿಲ್ಡ್ ಓಡಿಸುವುದನ್ನು ನಿಲ್ಲಿಸಿ. ಬಿಲ್ಟ್‌ಇನ್ ನೋಡ್ ಅಂತ ಈಗ ಅದರ ಹೆಸರು, ಮೊದಲು ಮಾಸ್ಟರ್ ಅನ್ನುತ್ತಿದ್ದರು. ಅದರ ಎಕ್ಸಿಕ್ಯೂಟರ್ (ಒಟ್ಟಿಗೆ ಓಡಬಲ್ಲ ಬಿಲ್ಡ್‌ಗಳ) ಸಂಖ್ಯೆ ಮೊದಲಿಂದ 2 ಇರುತ್ತದೆ, ಸೊನ್ನೆ ಮಾಡಿ. ಅಲ್ಲಿ ಓಡುವ ಯಾವ ಬಿಲ್ಡ್ ಆದರೂ ಜೆಂಕಿನ್ಸ್‌ನ ಎಲ್ಲ ಫೈಲುಗಳನ್ನೂ ಓದಬಲ್ಲದು, ಆ ಮಾಸ್ಟರ್ ಕೀ ಸಹಿತ. ಅದೇ ಡೆಸ್ಕ್‌ಟಾಪ್‌ನಲ್ಲಿ ಬೇರೆ ಯೂಸರ್ ಹೆಸರಿನಲ್ಲಿ ಒಂದು ಏಜೆಂಟ್ ಓಡಿಸಿದರೂ ಆಯಿತು.

ಗಿಟ್‌ಹಬ್ ಆಕ್ಷನ್ಸ್? ಕೆಟ್ಟದ್ದಲ್ಲ. 2019ರ ನವೆಂಬರ್‌ನಿಂದ ಎಲ್ಲರಿಗೂ ಸಿಗುತ್ತಿದೆ. ಉಚಿತ ಖಾತೆಯಲ್ಲಿ ಖಾಸಗಿ ರೆಪೊಗಳಿಗೆ ತಿಂಗಳಿಗೆ 2000 ನಿಮಿಷ ಸಿಗುತ್ತದೆ. ಐದು ಜನಕ್ಕೆ ಅದು ಸಾಕಾಗಬಹುದು. ಸರ್ವರ್ ನೋಡಿಕೊಳ್ಳುವ ತಲೆನೋವು ಇಲ್ಲ, ಕರೆಂಟ್ ಹೋದರೆ ಅವರಿಗೇನೂ ಆಗುವುದಿಲ್ಲ. ಹೊಸ ಪ್ರಾಜೆಕ್ಟ್ ಶುರು ಮಾಡುತ್ತಿದ್ದರೆ ಅಲ್ಲೇ ಮಾಡಿ ಅಂತಲೇ ನಾನೂ ಹೇಳುತ್ತೇನೆ. ಆದರೆ ನಿಮ್ಮ ಇನ್‌ಸ್ಟಾಲರ್‌ಗೆ ಸೈನ್ ಮಾಡುವುದು ಯುಎಸ್‌ಬಿ ಟೋಕನ್. 2023ರ ಜೂನ್ 1ರಿಂದ ಕೋಡ್ ಸೈನಿಂಗ್ ಕೀ ಇಂಥ ಹಾರ್ಡ್‌ವೇರ್‌ನಲ್ಲೇ ಇರಬೇಕು ಅಂತ ನಿಯಮ ಬಂದಿದೆ. ಆ ಟೋಕನ್ ಗಿಟ್‌ಹಬ್‌ನ ಮೆಷಿನ್‌ಗೆ ಚುಚ್ಚಲು ಆಗುವುದಿಲ್ಲ. ಆಗ ಅದೇ ವಿಂಡೋಸ್ ಪಿಸಿಯನ್ನು ಸೆಲ್ಫ್ ಹೋಸ್ಟೆಡ್ ರನ್ನರ್ (ಆಕ್ಷನ್ಸ್‌ನ ಕೆಲಸ ಓಡಿಸುವ ನಿಮ್ಮದೇ ಮೆಷಿನ್) ಮಾಡಬೇಕು. ಅದು ಹೊರಗಿನಿಂದ ಪೋರ್ಟ್ ಕೇಳುವುದಿಲ್ಲ, ತಾನೇ ಹೋಗಿ ಕೆಲಸ ಕೇಳುತ್ತದೆ, ಅಷ್ಟು ಒಳ್ಳೆಯದು. ಆದರೆ ಪಿಸಿ, ಕರೆಂಟ್, ಅಪ್‌ಡೇಟ್, ಮೂರೂ ಮತ್ತೆ ನಿಮ್ಮ ತಲೆ ಮೇಲೆಯೇ. ಇದರ ಮೇಲೆ ಎಲ್ಲ ಪೈಪ್‌ಲೈನ್‌ಗಳನ್ನೂ ಆಕ್ಷನ್ಸ್‌ಗೆ ಬೇಕಾದ ಯಾಮೆಲ್ ಫೈಲುಗಳಾಗಿ ಮತ್ತೆ ಬರೆಯಬೇಕು. ಹಾಗಾಗಿ ಟೆಸ್ಟ್‌ಗಳು ಅಲ್ಲಿ, ಇನ್‌ಸ್ಟಾಲರ್ ಮತ್ತು ಸೈನಿಂಗ್ ಜೆಂಕಿನ್ಸ್‌ನಲ್ಲಿ ಅಂತ ಹಂಚಿಕೊಂಡರೂ ತಪ್ಪಿಲ್ಲ. ಜೆಂಕಿನ್ಸ್ ಹಳತಾಗಿದೆ ಅನ್ನುವ ಒಂದೇ ಕಾರಣಕ್ಕೆ ಓಡಿಹೋಗುವುದಾದರೆ, ನಾಲ್ಕು ವರ್ಷ ಮುಟ್ಟದೆ ಬಿಟ್ಟರೆ ಅದೂ ಹಳತಾಗುತ್ತದೆ.

ಉಬುಂಟು 20.04ರ ಮಾಮೂಲಿ ಬೆಂಬಲ 2025ರ ಮೇನಲ್ಲಿ ಮುಗಿಯಿತು. ಹೊಸ ಜೆಂಕಿನ್ಸ್ ಅದನ್ನೂ ಮೇಲ್ಗಡೆ ಎಚ್ಚರಿಕೆಯಾಗಿ ತೋರಿಸುತ್ತದೆ. ಹೇಗೂ ಕಾಪಿ ಮಾಡಿ ತಾಲೀಮು ಮಾಡುತ್ತೀರಲ್ಲ, ಕೊನೆಯ ಮೆಟ್ಟಿಲನ್ನು ಹೊಸ ಉಬುಂಟು ಹಾಕಿದ ಬೇರೆ ಡಿಸ್ಕ್ ಮೇಲೆ ಹತ್ತಿ. ಹಳೇ ಡಿಸ್ಕ್ ಬಿಚ್ಚಿ ಬೀರುವಿನಲ್ಲಿಡಿ. ಹಿಂದಕ್ಕೆ ಬರಬೇಕಾದರೆ ಅದೇ ದಾರಿ. ಹೊಸ ಜೆಂಕಿನ್ಸ್ ಬರೆದ ಕಾನ್ಫಿಗ್ ಫೈಲುಗಳನ್ನು ಹಳೆಯದು ಓದುತ್ತದೆ ಅನ್ನುವ ಭರವಸೆ ಇಲ್ಲ.

ಯಾವಾಗ ಮಾಡಬೇಕು ಅಂದರೆ, ನಿಮ್ಮ ಗ್ರಾಹಕರು ಕ್ಯೂರಿಂಗ್‌ನವರು. ಕೊಯ್ಲು ಶುರುವಾಗಿ ಚೆರಿ ಬರತೊಡಗಿದ ಮೇಲೆ ಅವರ ಫೋನು ನಿಲ್ಲುವುದಿಲ್ಲ. ಆ ತಿಂಗಳುಗಳಲ್ಲಿ ಬೇಡ. ತಾಲೀಮಿಗೆ ಎರಡು ಶನಿವಾರ, ಅಸಲಿಗೆ ಒಂದು ಶನಿವಾರ, ಒಂದು ಹೊಸ ಡಿಸ್ಕ್. ಬಾಸ್‌ಗೆ ಹೇಳಬೇಕಾದ ಲೆಕ್ಕ ಇಷ್ಟೇ. ಆಮೇಲೆ ಮೂರು ತಿಂಗಳಿಗೊಮ್ಮೆ ಹೊಸ ಎಲ್‌ಟಿಎಸ್ ಬಂದಾಗ ಒಂದು ಮಧ್ಯಾಹ್ನ ಸಾಕು. ಅವರು ಆಗಲೂ ಬೇಡ ಅಂದರೆ, ಪೋರ್ಟ್ ಮುಚ್ಚಿಯೇ ಇರಲಿ. ಅದರ ಜೊತೆಗೆ ಆ ಜೆಂಕಿನ್ಸ್‌ನಲ್ಲಿರುವ ಗಿಟ್‌ಹಬ್ ಟೋಕನ್ ಮತ್ತು ಗ್ರಾಹಕರ ಸರ್ವರ್ ಪಾಸ್‌ವರ್ಡ್‌ಗಳನ್ನು ಈ ವಾರವೇ ಬದಲಾಯಿಸಿ. ಪೋರ್ಟ್ ಎಷ್ಟು ದಿನ ತೆರೆದಿತ್ತು ಅಂತ ನೀವು ಬರೆದಿಲ್ಲ.